ಕಾಯಿ ಹಾರಿತು, ಮಗು ಅಲುಗಲಿಲ್ಲ. ಅಮ್ಮನಿಗೆ ಏನು ಹೇಳಲಿ?

ತಿಪಟೂರು_ಹುಡುಗ

ಎಲ್ಲರಿಗೂ ನಮಸ್ಕಾರ. ಫಿಸಿಕ್ಸ್ ಗೊತ್ತಿರುವವರು ಸ್ವಲ್ಪ ನೆರವಾಗಿ. ವಿಷಯ ಮನೆಯ ಜಗಳದ್ದು.

ಹೋದ ಭಾನುವಾರ ಊರಿಂದ ಬೆಂಗಳೂರಿಗೆ ವಾಪಸ್ ಬರುತ್ತಿದ್ದೆವು. ಸಣ್ಣ ಕಾರು. ಡಿಕ್ಕಿ ತುಂಬಾ ತೆಂಗಿನಕಾಯಿ. ಅಲ್ಲಿ ಹಿಡಿಸದೆ ಉಳಿದ ನಾಲ್ಕು ಕಾಯಿಗಳನ್ನು ಅಮ್ಮ ಹಿಂದಿನ ಗಾಜಿನ ಕೆಳಗಿರುವ ಟ್ರೇ ಮೇಲೆ ಇಟ್ಟಿದ್ದರು. ಅಮ್ಮ ಹಿಂದಿನ ಸೀಟಿನಲ್ಲಿ, 14 ತಿಂಗಳ ಮಗ ಅವರ ತೊಡೆಯ ಮೇಲೆ. ನಾನೂ ನನ್ನ ಹೆಂಡತಿಯೂ ಮುಂದೆ.

ನೆಲಮಂಗಲ ದಾಟಿ ಮಾದಾವರದ ಹತ್ತಿರ ಬಂದಾಗ ಒಬ್ಬ ಬೈಕಿನವನು ರಾಂಗ್ ಸೈಡಲ್ಲಿ ಎದುರು ಬಂದ. ನನ್ನ ಸ್ಪೀಡು 60 ಇತ್ತು. ಬ್ರೇಕ್ ಮೇಲೆ ನಿಂತೇಬಿಟ್ಟೆ ಅನ್ನಿ. ಕಾರು ನಿಂತಿತು, ಅವನು ಹೋದ. ಆದರೆ ಒಂದು ಕಾಯಿ ನಮ್ಮಿಬ್ಬರ ಸೀಟಿನ ನಡುವೆ ತೂರಿ ಬಂದು ಡ್ಯಾಶ್‌ಬೋರ್ಡಿಗೆ ಬಡಿಯಿತು. ಸ್ಟೀರಿಯೋ ಪರದೆ ಬಿರುಕು ಬಿಟ್ಟಿದೆ.

ಮನೆಗೆ ಬಂದ ಮೇಲೆ, ಮಗುವಿಗೆ ಚೈಲ್ಡ್ ಸೀಟ್ ತರೋಣ ಎಂದೆ. ಅಮ್ಮ ಹೇಳಿದ್ದು ಇಷ್ಟು: "ಕಾಯಿ ಹಾರಿತು, ಮಗು ಅಲುಗಿತಾ? ನಾನು ಹಿಡ್ಕೊಂಡಿದ್ದೆ ತಾನೇ? ನಿನ್ನನ್ನೂ ಹೀಗೇ ಸಾಕಿದ್ದು."

ನಿಜಕ್ಕೂ ಮಗು ಅಲುಗಿರಲಿಲ್ಲ. ನಿದ್ದೆಯಿಂದಲೂ ಏಳಲಿಲ್ಲ. ಕಣ್ಣೆದುರೇ ಸಾಕ್ಷಿ ಇರುವಾಗ ನಾನೇನು ಹೇಳಲಿ?

ನಿವೃತ್ತ_ಮೇಷ್ಟ್ರು

ಪಿಯು ಕಾಲೇಜಿನಲ್ಲಿ 31 ವರ್ಷ ಫಿಸಿಕ್ಸ್ ಹೇಳಿಕೊಟ್ಟವನು ನಾನು. ಮೊದಲಿಗೆ ಒಂದು ಮಾತು: ನಿಮ್ಮ ತಾಯಿಯವರು ಹೇಳಿದ್ದು ಸರಿ. ಅವತ್ತು ಅವರೇ ಮಗುವನ್ನು ಹಿಡಿದು ನಿಲ್ಲಿಸಿದ್ದು. ಅದನ್ನು ಒಪ್ಪಿಕೊಂಡೇ ಮಾತು ಶುರು ಮಾಡಿ. ಇಲ್ಲದಿದ್ದರೆ ಅವರು ಮುಂದಿನದನ್ನು ಕೇಳುವುದೇ ಇಲ್ಲ.

ಈಗ ಲೆಕ್ಕ. ಬ್ರೇಕ್ ಹಾಕಿದಾಗ ಕಾರನ್ನು ನಿಲ್ಲಿಸುವುದು ಟೈರು. ಟೈರು ರಸ್ತೆಯನ್ನು ಎಷ್ಟು ಗಟ್ಟಿಯಾಗಿ ಹಿಡಿಯಬಹುದು ಎನ್ನುವುದಕ್ಕೆ ಒಂದು ಮಿತಿ ಇದೆ. ಒಣ ಡಾಂಬರಿನ ಮೇಲೆ 60ರ ಸ್ಪೀಡಿನ ಕಾರು ನಿಲ್ಲಲು ಸುಮಾರು 20 ಮೀಟರ್ ಬೇಕು. ನಿಮ್ಮ ಕಾಲು ಬ್ರೇಕಿಗೆ ಹೋಗುವ ಮೊದಲೇ ಕಳೆದುಹೋಗುವ ದೂರ ಬೇರೆ, ಅದನ್ನು ಬಿಡಿ. ಆ 20 ಮೀಟರಿನಲ್ಲಿ ಪ್ರತಿಯೊಬ್ಬರನ್ನೂ ಮುಂದಕ್ಕೆ ಜಗ್ಗುವ ಬಲ ಅವರವರ ತೂಕದ ಮುಕ್ಕಾಲು ಪಾಲಿಗಿಂತ ಸ್ವಲ್ಪ ಕಡಿಮೆ. ಮಗು 10 ಕೆಜಿ ಇದೆ ಎಂದುಕೊಳ್ಳಿ. ಜಗ್ಗುವುದು 7 ಕೆಜಿಯಷ್ಟು. ಕೊಡ ಹೊತ್ತ ಕೈಗೆ ಅದು ಯಾವ ಲೆಕ್ಕ?

ಕಾಯಿಯನ್ನು ಹಿಡಿಯುವವರು ಯಾರೂ ಇರಲಿಲ್ಲ. ಕಾರು ನಿಧಾನವಾಯಿತು, ಕಾಯಿ ಆಗಲಿಲ್ಲ, ಅಷ್ಟೇ. ಟ್ರೇಯಿಂದ ಡ್ಯಾಶ್‌ಬೋರ್ಡಿಗೆ 2 ಮೀಟರ್ ಇದ್ದರೆ ಅದು ಬಡಿದದ್ದು ಹೆಚ್ಚೆಂದರೆ ಗಂಟೆಗೆ 19 ಕಿ.ಮೀ. ವೇಗದಲ್ಲಿ. ಅದಕ್ಕೇ ನಿಮ್ಮ ಪರದೆ ಹೋಯಿತು.

ಈಗ ಆ ಬೈಕಿನ ಜಾಗದಲ್ಲಿ ನಿಂತ ಲಾರಿ ಇತ್ತು ಎಂದುಕೊಳ್ಳಿ. ನೀವು ಬ್ರೇಕ್ ಹಾಕಿ 40ಕ್ಕೆ ಇಳಿಸಿದಿರಿ, ಆಮೇಲೆ ಗುದ್ದಿತು. ಈಗ ನಿಲ್ಲಿಸುವುದು ಟೈರಲ್ಲ, ತಗಡು. ಕಾರಿನ ಮೂತಿ ನಜ್ಜುಗುಜ್ಜಾಗುವಷ್ಟು ದೂರದಲ್ಲೇ ಎಲ್ಲ ಮುಗಿಯಬೇಕು. ಒಂದು 60 ಸೆಂ.ಮೀ. ಇಟ್ಟುಕೊಳ್ಳೋಣ. ಆಗ ಆ 10 ಕೆಜಿ ಮಗು ಜಗ್ಗುವುದು 105 ಕೆಜಿಯಷ್ಟು. ಅದೂ ಸರಾಸರಿ, ನಡುವೆ ಒಂದು ಕ್ಷಣ ಇನ್ನೂ ಜಾಸ್ತಿ. 25 ಕೆಜಿಯ ನಾಲ್ಕು ಅಕ್ಕಿ ಮೂಟೆಗಳನ್ನು ಒಟ್ಟಿಗೆ ಎರಡು ಕೈಯಲ್ಲಿ ಹಿಡಿಯಬಹುದಾ ಎಂದು ತಾಯಿಯವರನ್ನು ಕೇಳಿ. ಹಿಡಿಯಲು ಸಿಗುವ ಸಮಯ ಕಣ್ಣು ರೆಪ್ಪೆ ಹೊಡೆಯುವಷ್ಟು.

ಎಲ್ಲರೂ ಮೋಸ ಹೋಗುವುದು ಇಲ್ಲೇ. ಗುದ್ದುವುದು ಅಂದರೆ ಜೋರಾಗಿ ಬ್ರೇಕ್ ಹಾಕಿದ ಹಾಗೆ, ಸ್ವಲ್ಪ ಹೆಚ್ಚು, ಎಂದು ನಾವು ತಿಳಿದಿರುತ್ತೇವೆ. ಬಿಎಂಟಿಸಿಯಲ್ಲಿ ಎಷ್ಟು ಸಲ ಮುಗ್ಗರಿಸಿಲ್ಲ, ಕಂಬಿ ಹಿಡಿದು ಬಚಾವಾಗಿಲ್ಲ? ಆದರೆ ಜೀವಮಾನವಿಡೀ ಎಷ್ಟು ಬ್ರೇಕ್ ಕಂಡರೂ ಆ ಜಗ್ಗಾಟ ನಮ್ಮ ತೂಕವನ್ನು ದಾಟುವುದು ಅಪರೂಪ. ಟೈರಿಗೆ ಅಷ್ಟು ಹಿಡಿತವೇ ಇಲ್ಲ. ನಿಮ್ಮ ತಾಯಿಯವರ ಮೂವತ್ತು ವರ್ಷದ ಅನುಭವ ಪೂರ್ತಿ ಟೈರಿನದು. ತಗಡಿನದು ಒಂದೂ ಇಲ್ಲ. ಇರುವುದೂ ಬೇಡ.

ಇನ್ನೊಂದು. ತಾಯಿಯವರು ಬೆಲ್ಟ್ ಹಾಕಿದ್ದರೇ? ನೀವು ಬರೆದಿಲ್ಲ. ಹಾಕಿರದಿದ್ದರೆ ಅವರ 60 ಕೆಜಿಯೂ ಮಗುವಿನ ಹಿಂದೆಯೇ ಮುಂದಕ್ಕೆ ಹೋಗುತ್ತದೆ. ಮಗು ಮುಂದಿನ ಸೀಟಿಗೂ ಅಜ್ಜಿಗೂ ನಡುವೆ ಸಿಗುತ್ತದೆ. ಇಬ್ಬರಿಗೂ ಸೇರಿಸಿ ಒಂದೇ ಬೆಲ್ಟ್ ಬಿಗಿದರೂ ಕಥೆ ಅದೇ.

ವೈಟ್‌ಫೀಲ್ಡ್_ವಾಸಿ

ಮೇಷ್ಟ್ರೇ, ಲೆಕ್ಕ ಸರಿ. ಆದರೆ ಬೆಂಗಳೂರಲ್ಲಿ 40 ಎಲ್ಲಿ ಸಾರ್? ಸಿಲ್ಕ್ ಬೋರ್ಡ್ ಹತ್ತಿರ ಸ್ಪೀಡೋಮೀಟರ್ ಮುಳ್ಳು ಅಲುಗಿದರೆ ಹಬ್ಬ. ಹಿಂದೆ ಕೂತವರ ಬೆಲ್ಟನ್ನು ಯಾರೂ ಕೇಳುವುದೂ ಇಲ್ಲ.

ನಿವೃತ್ತ_ಮೇಷ್ಟ್ರು

20ಕ್ಕೇ ಲೆಕ್ಕ ಹಾಕೋಣ. ಆ ವೇಗದಲ್ಲಿ ಮೂತಿಯೂ ಕಡಿಮೆಯೇ ಜಜ್ಜುವುದು, ಕಾಲು ಮೀಟರ್ ಎನ್ನಿ. 10 ಕೆಜಿ ಮಗು 60 ಕೆಜಿ ದಾಟುತ್ತದೆ. ಎರಡೂವರೆ ಮೂಟೆ. ಇನ್ನು ರಾತ್ರಿ ಹನ್ನೊಂದರ ಮೇಲೆ ರಿಂಗ್ ರೋಡಲ್ಲಿ ನಿಮ್ಮ ಮುಳ್ಳು ಎಲ್ಲಿರುತ್ತದೆ ಎಂದು ನಾನು ಕೇಳುವುದಿಲ್ಲ.

ಕಾನೂನು ಹಿಂದಿನ ಸೀಟಿಗೂ ಇದೆ. ಮೋಟಾರು ವಾಹನ ಕಾಯ್ದೆಯ 194ಬಿ: ಬೆಲ್ಟ್ ಇಲ್ಲದಿದ್ದರೆ 1000 ರೂಪಾಯಿ ದಂಡ. 14 ವರ್ಷದೊಳಗಿನ ಮಕ್ಕಳನ್ನು ಬೆಲ್ಟ್ ಅಥವಾ ಚೈಲ್ಡ್ ಸೀಟ್ ಇಲ್ಲದೆ ಕರೆದೊಯ್ದರೂ ಅಷ್ಟೇ. ಆದರೆ ಲಾರಿಗೆ ಪೊಲೀಸರು ನೋಡುತ್ತಿದ್ದಾರಾ ಇಲ್ಲವಾ ಎನ್ನುವುದು ಗೊತ್ತಾಗುವುದಿಲ್ಲವಲ್ಲ.

ಬೆಲ್ಟಿನ ಕೆಲಸ ಏನು ಅಂತ ಕ್ಲಾಸಿನಲ್ಲಿ ಕೇಳಿದರೆ ಎಲ್ಲರೂ "ಹಿಡಿದುಕೊಳ್ಳುವುದು" ಎನ್ನುತ್ತಿದ್ದರು. ಅರ್ಧ ಉತ್ತರ. ಕಾರಿನ ಮೂತಿ ಜಜ್ಜುವ ಆ 60 ಸೆಂ.ಮೀ. ಇದೆಯಲ್ಲ, ಬೆಲ್ಟ್ ನಿಮ್ಮನ್ನು ಕಾರಿಗೆ ಕಟ್ಟಿ ಅದರಲ್ಲಿ ಪಾಲು ಕೊಡಿಸುತ್ತದೆ. ಕಟ್ಟಿಕೊಳ್ಳದವನಿಗೆ ಆ ಪಾಲು ಇಲ್ಲ. ಕಾರು ನಿಂತ ಮೇಲೂ ಅವನು ಹೋಗುತ್ತಲೇ ಇರುತ್ತಾನೆ, ಕೊನೆಗೆ ಗಾಜಿಗೋ ಸೀಟಿಗೋ ಬಡಿದು ಕೆಲವೇ ಸೆಂ.ಮೀ.ನಲ್ಲಿ ನಿಲ್ಲುತ್ತಾನೆ. ಈಗಿನ ಮೂರು ಕಡೆ ಕಟ್ಟುವ ಬೆಲ್ಟನ್ನು 1959ರಲ್ಲಿ ವೋಲ್ವೋ ಕಾರಿಗೆ ತಂದವನು ನಿಲ್ಸ್ ಬೋಲಿನ್. ಅದಕ್ಕೂ ಮುಂಚೆ ಅವನು ಸಾಬ್ ಕಂಪನಿಯಲ್ಲಿ ವಿಮಾನದಿಂದ ಪೈಲಟನ್ನು ಹೊರಗೆ ಚಿಮ್ಮಿಸುವ ಸೀಟು ಮಾಡುತ್ತಿದ್ದ. ಮನುಷ್ಯನನ್ನು ಎಸೆಯುವುದು ಹೇಗೆಂದು ತಿಳಿದವನೇ ಎಸೆಯದ ಹಾಗೆ ಕಟ್ಟುವುದನ್ನೂ ಕಂಡುಹಿಡಿದ. ನನಗೆ ಇದು ಬಹಳ ಇಷ್ಟ, ಪಾಠಕ್ಕೆ ಸಂಬಂಧ ಇಲ್ಲದಿದ್ದರೂ ಹೇಳುತ್ತಿದ್ದೆ.

ಸೀಟ್_ಕವರ್_ಅಣ್ಣ

ಜೆ.ಸಿ. ರೋಡಲ್ಲಿ ಎಂಟು ವರ್ಷ ಸೀಟ್ ಕವರ್ ಹಾಕಿದವನು ನಾನು. ತಪ್ಪು ಒಪ್ಪಿಕೊಳ್ಳುತ್ತೇನೆ. ಹಿಂದಿನ ಸೀಟಿನ ಬೆಲ್ಟ್ ಬಕಲ್ ಚುಚ್ಚುತ್ತದೆ ಎಂದು ಗಿರಾಕಿಗಳು ಹೇಳಿದರೆ ಅದನ್ನು ಕವರ್ ಕೆಳಗೆ ತಳ್ಳಿ ಮುಚ್ಚಿಬಿಡುತ್ತಿದ್ದೆವು. ನಿಮ್ಮ ಕಾರಲ್ಲೂ ಹಾಗೇ ಆಗಿರಬಹುದು, ನೋಡಿ. ಮಗುವಿನ ಸೀಟನ್ನು ಕಾರಿಗೆ ಸಿಕ್ಕಿಸುವ ಐಸೋಫಿಕ್ಸ್ ಕೊಂಡಿಯೂ ಅದೇ ಸಂದಿಯಲ್ಲಿ ಇರುತ್ತದೆ. ಮುಂದಿನ ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇರುವ ಕಾರಾದರೆ ಅದಕ್ಕೆಂದೇ ಹೊಲಿದ ಕವರ್ ಬೇಕು. ದಪ್ಪ ರೆಕ್ಸಿನ್ ಎಳೆದು ಹೊಲಿದರೆ ಬ್ಯಾಗು ಸರಿಯಾಗಿ ಬಿಚ್ಚಿಕೊಳ್ಳುವುದಿಲ್ಲ.

ಮಗುವಿನ ಸೀಟನ್ನು ಹಿಂದಕ್ಕೆ ಮುಖ ಮಾಡಿ ಮುಂದಿನ ಸೀಟಲ್ಲಿ ಮಾತ್ರ ಇಡಬೇಡಿ. ಅಲ್ಲಿನ ಏರ್‌ಬ್ಯಾಗ್ ರೆಪ್ಪೆ ಮುಚ್ಚುವ ಮೊದಲೇ ಉಬ್ಬುತ್ತದೆ, ಆ ಸೀಟಿನ ಬೆನ್ನಿಗೇ ಹೊಡೆಯುತ್ತದೆ.

ಜಯನಗರ_ಅಮ್ಮ

ನಮ್ಮ ಮನೆಯಲ್ಲೂ ಇದೇ ರಾಮಾಯಣ ಆಗಿತ್ತು. ಮಗಳು ನಾಲ್ಕು ದಿನ ಕಿರುಚಿದಳು, ಅತ್ತೆ ನನ್ನ ಹತ್ತಿರ ಮಾತು ಬಿಟ್ಟರು. ಆಮೇಲೆ ಅತ್ತೆಯನ್ನೇ ಸೀಟಿನ ಪಕ್ಕ ಕೂರಿಸಿ, ಕೈಗೆ ರಾಗಿ ಬಿಸ್ಕತ್ತಿನ ಡಬ್ಬಿ ಕೊಟ್ಟೆ. ಉಸ್ತುವಾರಿ ಅವರದ್ದೇ. ಮೊದಲು ನಾಲ್ಕನೇ ಬ್ಲಾಕ್‌ವರೆಗೆ ಮಾತ್ರ ಹೋಗಿ ಬರುತ್ತಿದ್ದೆವು.

14 ತಿಂಗಳಿಗೆ ಹಿಂದಕ್ಕೆ ಮುಖ ಮಾಡುವ ಸೀಟೇ ತಗೊಳ್ಳಿ. ಯುರೋಪಿನ ಆರ್129 ನಿಯಮದಲ್ಲಿ 15 ತಿಂಗಳವರೆಗೆ ಅದು ಕಡ್ಡಾಯ. ಮಕ್ಕಳ ತಲೆ ಭಾರ, ಕತ್ತು ಎಳೆಯದು. ಹಿಂದಕ್ಕೆ ಮುಖ ಇದ್ದರೆ ಬೆನ್ನು, ಕತ್ತು, ತಲೆ ಮೂರನ್ನೂ ಸೀಟೇ ತಡೆಯುತ್ತದೆ.

ತಿಪಟೂರು_ಹುಡುಗ

ಎಲ್ಲರಿಗೂ ಥ್ಯಾಂಕ್ಸ್. ಮೇಷ್ಟ್ರ ಉತ್ತರವನ್ನು ಅಮ್ಮನಿಗೆ ಓದಿ ಹೇಳಿದೆ. "ಸರಿ" ಅನ್ನುವ ಮಾತು ಬಂದಾಗ ಖುಷಿಪಟ್ಟರು. ಮೂಟೆ ಬಂದಾಗ ಸುಮ್ಮನಾದರು. ಆಮೇಲೆ, "ಆ ಮೇಷ್ಟ್ರು ಮಗು ಸಾಕಿದ್ದಾರಂತಾ?" ಎಂದರು. ಚೈಲ್ಡ್ ಸೀಟ್ ಬಗ್ಗೆ ಇನ್ನೂ ಒಪ್ಪಿಲ್ಲ, ಶನಿವಾರ ಅಂಗಡಿಗೆ ಬಂದು ನೋಡುತ್ತಾರಂತೆ.

ಮೇಷ್ಟ್ರೇ, ಬೆಲ್ಟ್ ಹಾಕಿರಲಿಲ್ಲ. ಸಂಜೆ ಇಬ್ಬರೂ ಹೋಗಿ ಹುಡುಕಿದೆವು. ಸೀಟ್ ಕವರ್ ಅಣ್ಣ ಹೇಳಿದ್ದೇ ನಿಜ. ಬಕಲ್ ಎರಡೂ ಕವರ್ ಕೆಳಗೆ ಇದ್ದವು. ಅಮ್ಮನೇ ಅಡುಗೆಮನೆಯಿಂದ ಕತ್ತರಿ ತಂದು ಹೊಲಿಗೆ ಬಿಚ್ಚಿದರು. ಒಳಗೆ ಕಡಲೆ ಸಿಪ್ಪೆ, ಎರಡು ರೂಪಾಯಿ ನಾಣ್ಯ, ಮತ್ತೆ ಹೋದ ವರ್ಷ ಕಳೆದುಹೋಯಿತೆಂದು ಮನೆಯೆಲ್ಲ ಹುಡುಕಿದ ಮಗುವಿನ ಬೆಳ್ಳಿ ಗೆಜ್ಜೆ.