ಸೌದೆ ಒಲೆಯ ಚಿಮ್ನಿಗೆ ಕನ್ನಡ? (ಶುಕ್ರವಾರದೊಳಗೆ ಬೇಕು)

ಎಲ್ಲರಿಗೂ ನಮಸ್ಕಾರ.

ತೀರ್ಥಹಳ್ಳಿ ಹತ್ತಿರ ನಮ್ಮ ಭಾವನವರ ಹೋಂಸ್ಟೇ ಇದೆ. ಕಬ್ಬಿಣದ ಸೌದೆ ಒಲೆ ತಂದು, ತಗಡಿನ ಕೊಳವೆಯನ್ನು ತಾವೇ ಜೋಡಿಸಿದರು. ವಾರ ಕಳೆಯೋದರೊಳಗೆ ಒಂದೊಂದು ಕೀಲಿನಿಂದಲೂ ಕಪ್ಪು ರಸ ಇಳಿದು, ಸುಣ್ಣದ ಗೋಡೆ ಮೇಲೆ ಜೋನಿಬೆಲ್ಲ ಚೆಲ್ಲಿದ ಹಾಗೆ ಗೆರೆ. ಕೊಳವೆಯ ಒಂದು ತುದಿಗೆ ಸೀರೆಯ ಹಾಗೆ ನೆರಿಗೆ ಹಿಡಿದು ಕಿರಿದು ಮಾಡಿರುತ್ತಾರೆ. ಆ ತುದಿ ಕೆಳಗೆ, ಒಲೆಯ ಕಡೆಗೆ ಇರಬೇಕು. ಆಗ ರಸ ಒಳಗೇ ಇಳಿದು ಒಲೆಗೆ ಬೀಳುತ್ತದೆ. ಭಾವ ನೆರಿಗೆ ಮೇಲೆ ಮಾಡಿದ್ದಾರೆ. ಹೊಗೆ ಹೋಗೋದು ಮೇಲಕ್ಕಲ್ವಾ ಅನ್ನೋದು ಅವರ ವಾದ.

ಬಿಚ್ಚಿ ಮತ್ತೆ ಜೋಡಿಸಲು ಶುಕ್ರವಾರ ಹುಡುಗರು ಬರುತ್ತಾರೆ. ಇಂಗ್ಲಿಷಿನ ಸೂಚನೆ ಚೀಟಿ ಕನ್ನಡಕ್ಕೆ ಆಗಬೇಕು. ಮೂರು ಪದ ಬೇಕು: ಚಿಮ್ನಿ, ಕ್ರಿಯೋಸೋಟ್ (ಆ ಕಪ್ಪು ಅಂಟು), ಡ್ಯಾಂಪರ್ (ಕೊಳವೆಯೊಳಗೆ ತಿರುಗಿಸಿ ಹೊಗೆಯ ಓಟ ತಗ್ಗಿಸುವ ಬಿಲ್ಲೆ).

ಬೆಂಗಳೂರಿನಿಂದ:
ಹೊಗೆಕೊಳವೆ. ಇದಕ್ಕೆ ಚರ್ಚೆ ಯಾಕೆ?

ಮೈಸೂರಿನಿಂದ:
ಹೊಗೆಗೊಳವೆ. ಊದುಗೊಳವೆ, ಮಳೆಗಾಲ ಅನ್ನುವ ಬಾಯಲ್ಲಿ ಹೊಗೆಕೊಳವೆ ಹೇಗೆ ಬರುತ್ತದೋ ಗೊತ್ತಿಲ್ಲ. ಆದೇಶ ಸಂಧಿ ಸತ್ತಿಲ್ಲ.

ಬೆಂಗಳೂರಿನಿಂದ:
ಮೇಷ್ಟ್ರೇ, ಮಳೆಕೊಯ್ಲಿಗೆ ಏನು ಮಾಡ್ತೀರಿ? ಮಳೆಗೊಯ್ಲು ಅಂದವರನ್ನು ನಾನಂತೂ ನೋಡಿಲ್ಲ.

ಕೋಲಾರದಿಂದ:
ಇಬ್ಬರೂ ಸುಮ್ನೆ ಜಗಳ ಆಡ್ತಿದ್ದೀರಿ. ಕೊಳವೆಯೇ ಬೇಡ. ತೆಲುಗಿನಲ್ಲಿ ಪೊಗಗೊಟ್ಟಂ ಅನ್ನುತ್ತಾರೆ. ಆ ಗೊಟ್ಟ ನಮ್ಮಲ್ಲೂ ಇದೆ, ದನಕ್ಕೆ ಔಷಧಿ ಕುಡಿಸುವ ಬಿದಿರಿನ ಗೊಟ್ಟ. ಹಳೆಗನ್ನಡದ ಪೊಗೆ, ತೆಲುಗಿನ ಪೊಗ, ತಮಿಳಿನ ಪುಗೈ ಒಂದೇ ಬೇರಿನವು. ನಮ್ಮಲ್ಲಿ ಪಕಾರ ಹಕಾರ ಆಯಿತು, ಅಷ್ಟೆ. ಹಾಗಾಗಿ ಹೊಗೆಗೊಟ್ಟ. ಹತ್ತು ವರ್ಷದಿಂದ ಹೇಳುತ್ತಿದ್ದೇನೆ.

ಬೆಂಗಳೂರಿನಿಂದ:
ಹೋಂಸ್ಟೇಗೆ ಬಂದವರು ಎಮ್ಮೆಗೆ ಹೊಗೆ ಕುಡಿಸೋ ಸಾಮಾನು ಅಂದುಕೊಳ್ಳುತ್ತಾರೆ.

ಕುಂದಾಪುರದಿಂದ:
ಚಿಮಣಿ ಅಂತಲೇ ಬರೆಯಿರಿ ಅನ್ನೋಣ ಅಂತ ಬಂದೆ, ಆದರೆ ತೊಡಕಿದೆ. ನಮ್ಮ ಅಜ್ಜಿಗೆ ಚಿಮಣಿ ಅಂದರೆ ದೀಪ. ಸೀಮೆಎಣ್ಣೆಗೆ ನಮ್ಮಲ್ಲಿ ಚಿಮಣಿ ಎಣ್ಣೆ ಅಂತಲೇ ಹೆಸರು. ನನ್ನ ಸೊಸೆಗೆ ಚಿಮಣಿ ಅಂದರೆ ಗ್ಯಾಸ್ ಒಲೆ ಮೇಲಿನ ಕರೆಂಟಿನ ಪೆಟ್ಟಿಗೆ. ಮರಾಠಿಯವರಿಗೆ ಗುಬ್ಬಚ್ಚಿಯೂ ಚಿಮಣಿಯೇ.

ಇನ್ನು ಆ ಅಂಟಿಗೆ ಇಲ್ಲಣ ಸಾಕಲ್ವಾ?

ಶಿರಸಿಯಿಂದ:
ಸಾಲದು. ಇಲ್ಲಣ ಒಣಗಿದ್ದು. ಅಡುಗೆಮನೆ ಮಾಡಿನಲ್ಲಿ ಜೇಡರ ಬಲೆಗೆ ಹಿಡಿದು ಜೋತಾಡುತ್ತದೆ, ಪೊರಕೆ ತಾಗಿಸಿದರೆ ಉದುರುತ್ತದೆ. ಇದು ಹಸಿ ಸೌದೆಯ ಹೊಗೆ ತಣ್ಣನೆ ತಗಡಿಗೆ ತಾಗಿ ಇಳಿಯುವ ಅಂಟು. ಗಟ್ಟಿಯಾಗಿ ಕೂತರೆ ಕೊಳವೆಯೊಳಗೆ ಅದಕ್ಕೇ ಬೆಂಕಿ ಹತ್ತುತ್ತದೆ. ಎರಡಕ್ಕೂ ಒಂದೇ ಪದ ಹಾಕಿದರೆ ಹುಡುಗರು ಪೊರಕೆ ತಗೊಂಡು ಹೋಗುತ್ತಾರೆ. ಜೋನಿಬೆಲ್ಲ ಅಂತ ನೀವೇ ಅಂದಿದ್ದೀರಲ್ಲ, ಹೊಗೆಜೋನಿ ಅನ್ನಿ.

ಮೈಸೂರಿನಿಂದ:
ಹೊಗೆಜೋನಿ ನಿಘಂಟಿನಲ್ಲಿಲ್ಲ.

ಶಿರಸಿಯಿಂದ:
ಗೋಡೆ ಮೇಲಿದೆ.

ಧಾರವಾಡದಿಂದ:
ಚಿಮ್ನಿ ಗ್ರೀಕಿನ ಕಾಮಿನೋಸ್‌ನಿಂದ ಲ್ಯಾಟಿನ್, ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂತು. ಅವರು ಮೂರು ಮನೆಯಿಂದ ಕಡ ತಂದದ್ದನ್ನು ನಾವು ನಾಲ್ಕನೆಯವರಾಗಿ ತಂದರೆ ಏನು ತಪ್ಪು? ಚಾವಿ, ಇಸ್ತ್ರಿ ಪೋರ್ಚುಗೀಸಿನವು. ದಿನಾ ಅಂಗಿಗೆ ಇಸ್ತ್ರಿ ಹಾಕಿಕೊಂಡು ಬಂದು ಇಲ್ಲಿ ಅಚ್ಚಗನ್ನಡ ಅನ್ನುವವರನ್ನು ನೋಡಿ ಸಾಕಾಗಿದೆ.

ಕೋಲಾರದಿಂದ:
ಇಲ್ಲದ್ದನ್ನು ತರುವುದು ಬೇರೆ, ಇರುವುದನ್ನು ಬಿಟ್ಟು ತರುವುದು ಬೇರೆ. ಗೊಟ್ಟ ಇದೆ.

ಕೇಳಿದವನಿಂದ:
ಎಲ್ಲರಿಗೂ ಧನ್ಯವಾದ. ಚೀಟಿ ಇಲ್ಲಿಗೆ ಬಂದಿದೆ:

‘ಹೊಗೆಕೊಳವೆಯ ನೆರಿಗೆ ತುದಿ ಕೆಳಗಿರಲಿ. ಪ್ರತಿ ಕೀಲಿಗೆ 3 ಸ್ಕ್ರೂ. ಒಂಟಿ ತಗಡಿನ ಕೊಳವೆ ಮರದ ಪಕಾಸಿನಿಂದ 18 ಇಂಚು ದೂರ. ಮಾಡಿನಿಂದ ಹೊರಬಂದಲ್ಲಿಂದ 3 ಅಡಿ ಎತ್ತರ, ಸುತ್ತ 10 ಅಡಿಯೊಳಗಿನ ಮಾಡಿಗಿಂತ 2 ಅಡಿ ಎತ್ತರ ಇರಲಿ. ಹೊಗೆಜೋನಿ ಕಟ್ಟಿದೆಯೇ ಎಂದು ಆಗಾಗ ನೋಡಿ.’

ಮೇಷ್ಟ್ರು ಕ್ಷಮಿಸಬೇಕು, ಗೊಳವೆ ಅಂದರೆ ಭಾವ ನಗುತ್ತಾರೆ. ಪಕಾಸಿನ ಹತ್ತಿರದ ಕೀಲು ಬರೀ 7 ಇಂಚು ದೂರ ಇತ್ತು, ಅದನ್ನೂ ಸರಿಸಬೇಕು. ಅಂದಹಾಗೆ ಡ್ಯಾಂಪರ್ ಬಗ್ಗೆ ಒಬ್ಬರೂ ಬಾಯಿ ಬಿಟ್ಟಿಲ್ಲ. ನಾಳೆ ಬೆಳಿಗ್ಗೆ ಪ್ರಿಂಟ್ ತೆಗೆಯಬೇಕು.

ಮೈಸೂರಿನಿಂದ:
ಹೊಗೆಗದ. ಕದದ ಕಕಾರ ಗಕಾರ ಆಗುತ್ತದೆ.