ಜಿಪ್ಸಂ ಹಾಕಿದರೂ ಜಿಪ್ಸೋಫಿಲಾ ಬುಡ ಕೊಳೆಯುತ್ತಿದೆ, ಏನು ಮಾಡಲಿ?

ಹೊಸನಗರದಿಂದ:
ಹೂಗುಚ್ಛದಲ್ಲಿ ಗುಲಾಬಿ ಜೊತೆ ಇಡುತ್ತಾರಲ್ಲ, ಆ ಸಣ್ಣ ಬಿಳಿ ಹೂವಿನ ಗಿಡ. ಪ್ಯಾನಿಕ್ಯುಲೇಟಾ ಜಾತಿ. ಮೇ ಕೊನೆಗೆ ಬೀಜ ಹಾಕಿದ್ದೆ. ತೋಟದ ಕೆಂಪು ಮಣ್ಣು, ಗೊಬ್ಬರ, ತೆಂಗಿನ ನಾರಿನ ಪುಡಿ. ಕ್ಷಾರ ಮಣ್ಣು ಬೇಕಂತೆ, ಅದಕ್ಕೆ ಜಿಪ್ಸಂ ಕೂಡ. ಆರಿದ್ರಾ ಮಳೆ ಹಿಡಿದ ಮೇಲೆ ಎಲೆ ಹಳದಿಯಾಗಿ, ಬುಡ ಮೆತ್ತಗಾಗಿ ಗಿಡ ಮಗುಚುತ್ತಿದೆ. ಜಿಪ್ಸಂ ಇನ್ನೂ ಜಾಸ್ತಿ ಮಾಡಲಾ?

ಸಾಗರದಿಂದ:
ಬೇಡ. ಜಿಪ್ಸಂ ಅಂದರೆ ಕ್ಯಾಲ್ಸಿಯಂ ಸಲ್ಫೇಟ್. ಕ್ಯಾಲ್ಸಿಯಂ ಕೊಡುತ್ತದೆ, ಪಿಎಚ್ (ಮಣ್ಣಿನ ಹುಳಿ-ಕ್ಷಾರದ ಅಳತೆ, ಏರಿದಷ್ಟೂ ಕ್ಷಾರ) ಏರಿಸುವುದಿಲ್ಲ. ಅದಕ್ಕೆ ಕೃಷಿ ಸುಣ್ಣವೋ ಡಾಲೊಮೈಟೋ ಬೇಕು. ನಮ್ಮ ಮಳೆ ಮಣ್ಣಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ತೊಳೆದುಕೊಂಡು ಹೋಗುತ್ತದೆ. ಹಾಗಾಗಿ ಮಲೆನಾಡಿನ ಮಣ್ಣು ಹುಳಿ. ಈ ಗಿಡಕ್ಕೆ ಪಿಎಚ್ 7ರಿಂದ 7.5 ಇದ್ದರೆ ಒಳ್ಳೆಯದು. ಬೋರ್ಡೋ ದ್ರಾವಣಕ್ಕೆ (ಅಡಿಕೆಗೆ ಹೊಡೆಯುವ ಮೈಲುತುತ್ತ-ಸುಣ್ಣದ ಔಷಧಿ) ತಂದ ಸುಟ್ಟ ಸುಣ್ಣ ಮಾತ್ರ ಸುರಿಯಬೇಡಿ, ಬೇರು ಸುಟ್ಟೀತು.

ಆದರೆ ನಿಮ್ಮ ಗಿಡ ಸಾಯುತ್ತಿರುವುದು ನೀರಿನಿಂದ. ಇದು ಪೂರ್ವ ಯುರೋಪಿನಿಂದ ಮಧ್ಯ ಏಷ್ಯಾದವರೆಗಿನ ಒಣ ಹುಲ್ಲುಗಾವಲಿನದು. ದಪ್ಪ ತಾಯಿಬೇರು ಆಳಕ್ಕೆ ಇಳಿದು ನೀರು ಹುಡುಕುತ್ತದೆ. ನಾರಿನ ಪುಡಿಯಲ್ಲಿ ಸದಾ ತೇವ ನಿಂತರೆ ಆ ಬೇರಿಗೆ ಉಸಿರಾಡಲು ಗಾಳಿಯೇ ಇಲ್ಲ. ಬುಡ ಕೊಳೆಸುವುದು ಫೈಟಾಫ್ತೊರಾ ಎಂಬ ರೋಗಾಣು ಇರಬಹುದು. ಅಡಿಕೆ ಕೊಳೆರೋಗವೂ ಅದೇ ಕುಲದ್ದು, ನಿಮಗೆ ಹೊಸದೇನಲ್ಲ ಬಿಡಿ.

ಶಿವಮೊಗ್ಗ ಪೇಟೆಯಿಂದ:
ಪಿಎಚ್ ತಲೆಬಿಸಿ ಆಮೇಲೆ ಮಾಡಿ. ನಮ್ಮ ತಾರಸಿಯಲ್ಲಿ ಸುಣ್ಣ ಹಾಕದೆಯೇ ಎಲಿಗನ್ಸ್ ಜಾತಿ ಹೂ ಬಿಟ್ಟಿದೆ. ದೀಪಾವಳಿ ಕಳೆದ ಮೇಲೆ ಬಿತ್ತಿದ್ದು, ಮಣ್ಣಿಗೆ ಸಮಸಮ ದಪ್ಪ ಮರಳು. ಅಷ್ಟೇ. ಕಸಿ ಮಾಡಬೇಡಿ, ಬೇಕಾದ ಕುಂಡಕ್ಕೇ ನೇರ ಉದುರಿಸಿ. ಸುಮಾರು ಎರಡು ತಿಂಗಳಿಗೆ ಹೂವು.

ಹೊಸನಗರದಿಂದ:
ಎಲಿಗನ್ಸ್ ಒಂದೇ ಸೀಸನ್ನಿಗೆ ಮುಗಿಯುತ್ತದೆ ಅಲ್ವಾ? ಪ್ಯಾನಿಕ್ಯುಲೇಟಾ ಆದರೆ ವರ್ಷಗಟ್ಟಲೆ ಇರುತ್ತದೆ ಅಂತ ಆಸೆ.

ಸಾಗರದಿಂದ:
ಇದ್ದರೂ ಹೂ ಬಿಡಿಸುವುದು ಕಷ್ಟ. ಅದಕ್ಕೆ ಉದ್ದ ಹಗಲು ಬೇಕು. ನಮ್ಮಲ್ಲಿ ಅತಿ ಉದ್ದದ ಹಗಲೇ 13 ಗಂಟೆಯ ಹತ್ತಿರ, ಅದೂ ಜೂನ್‌ನಲ್ಲಿ, ಮೋಡದ ಮರೆಯಲ್ಲಿ! ಪಾಲಿಹೌಸಿನವರು ರಾತ್ರಿ ದೀಪ ಹಚ್ಚುವುದು ಸುಮ್ನೆ ಅಲ್ಲ. ನನ್ನ ಕೇಳಿದರೆ ನಮ್ಮ ಕಡೆಗೆ ಎಲಿಗನ್ಸೇ ಸರಿ.

ಈಗ ಮೆತ್ತಗಾದ ಗಿಡ ಮಣ್ಣು ಸಮೇತ ತೆಗೆದು ಹಾಕಿ. ಆ ಮಣ್ಣು ಬೇರೆ ಕುಂಡಕ್ಕೆ ಹೋಗಬಾರದು. ಗಟ್ಟಿ ಇರುವುದನ್ನು ಸೂರಿನಡಿ, ಇರಚಲು ಬಡಿಯದ ಕಡೆ ಇಡಿ. ಮೇಲ್ಮಣ್ಣು ಒಣಗುವ ತನಕ ನೀರು ಬೇಡ. ಕುಂಡದಡಿ ಎರಡು ಹೆಂಚಿನ ಚೂರು ಕೊಟ್ಟು ಎತ್ತರಿಸಿದರೆ ತೂತು ಕಟ್ಟುವುದಿಲ್ಲ. ಸುಣ್ಣ ಹಾಕುವುದಿದ್ದರೆ ಮೊದಲು ಮಣ್ಣು ಪರೀಕ್ಷೆ ಮಾಡಿಸಿ.