32ಕ್ಕೆ 32 ಗೆದ್ದವರ ಕಥೆ

"ವಿರೋಧ ಪಕ್ಷನೇ ಇಲ್ಲದ ವಿಧಾನಸಭೆಯಲ್ಲಿ ಸಭಾತ್ಯಾಗ ಯಾರು ಮಾಡ್ತಾರ್ರಿ?"

ಕೇಳಿದವರು ಅಡತಿ ಕಾಕಾ. ಗಂಜಿನಲ್ಲಿ ತೊಗರಿ ವ್ಯಾಪಾರ ಮಾಡಿ ಮಾಡಿ ಅವರಿಗೆ ಎಲ್ಲದಕ್ಕೂ ಒಬ್ಬ ಎದುರುಗಾರ ಬೇಕು. ಚೌಕಾಸಿ ಮಾಡುವವನೇ ಇಲ್ಲದಿದ್ದರೆ ಅದೆಂಥ ವ್ಯಾಪಾರ ಅನ್ನುವ ಮನುಷ್ಯ.

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಸುಸಲಾ, ಮಿರ್ಚಿ ಮುಂದಿಟ್ಟುಕೊಂಡು ನಾವು ನಾಲ್ಕು ಮಂದಿ ಕೂತರೆ ಊರಿನ ಸುದ್ದಿ ಹತ್ತೇ ನಿಮಿಷಕ್ಕೆ ಮುಗಿದುಹೋಗುತ್ತದೆ. ಆಮೇಲೆ ಪರರಾಜ್ಯದ ಚಿಂತೆ ಶುರು. ಆವತ್ತು ಸಿಕ್ಕಿಂ ಸಿಕ್ಕಿತ್ತು.

ವಕೀಲ ಸಾಹೇಬರು ವಿಷಯ ಬಿಚ್ಚಿದರು. 2024ರ ಚುನಾವಣೆಯಲ್ಲಿ ಸಿಕ್ಕಿಂ ಕ್ರಾಂತಿಕಾರಿ ಮೋರ್ಚಾ 32ರಲ್ಲಿ 31 ಗೆದ್ದಿತು. ಉಳಿದ ಒಂದು ಸೀಟು, ಶ್ಯಾರಿ ಕ್ಷೇತ್ರ, ಸಿಕ್ಕಿಂ ಡೆಮಾಕ್ರಟಿಕ್ ಫ್ರಂಟ್ ಪಾಲಿಗೆ. ಫಲಿತಾಂಶ ಬಂದದ್ದು ಜೂನ್‌ನಲ್ಲಿ. ಜುಲೈನಲ್ಲಿ ಆ ಒಬ್ಬ ಶಾಸಕರೂ ಆಡಳಿತ ಪಕ್ಷಕ್ಕೆ ಹೋದರು.

"ಪಕ್ಷಾಂತರ ಕಾನೂನು ಏನಾಯ್ತು?" ಅಂತ ಮಾಸ್ತರ್ ಹುಬ್ಬು ಗಂಟು ಹಾಕಿದರು. ನಿವೃತ್ತರಾಗಿ ಎಷ್ಟೋ ವರ್ಷವಾಗಿದೆ, ಪ್ರಶ್ನೆ ಕೇಳುವ ಚಟ ಹೋಗಿಲ್ಲ.

"ಮೂರರಲ್ಲಿ ಎರಡು ಪಾಲು ಶಾಸಕರು ಒಟ್ಟಿಗೆ ಹೋದರೆ ಅದು ಪಕ್ಷಾಂತರ ಅಲ್ಲ ಮಾಸ್ತರ್, ವಿಲೀನ ಅನ್ನಬಹುದು."

"ಅಲ್ಲಿ ಇದ್ದವರೇ ಒಬ್ಬರಲ್ರೀ?"

"ಅದಕ್ಕೇ ನೋಡ್ರಿ. ಒಬ್ಬರೇ ಹೋದರೂ ನೂರಕ್ಕೆ ನೂರು!"

ಕಾಕಾ ನಕ್ಕ ರಭಸಕ್ಕೆ ಸುಸಲಾ ಅರ್ಧ ತಟ್ಟೆಯ ಹೊರಗೆ ಹೋಯಿತು.

ಇದಕ್ಕಿಂತ ಮಜಾ 2019ರದ್ದು. ಆ ಸಲ ಡೆಮಾಕ್ರಟಿಕ್ ಫ್ರಂಟ್‌ಗೆ 15, ಮೋರ್ಚಾಕ್ಕೆ 17. ಎರಡೆರಡು ಕಡೆ ಗೆದ್ದವರು ಒಂದೊಂದು ಸೀಟು ಬಿಟ್ಟಮೇಲೆ ಫ್ರಂಟ್‌ನಲ್ಲಿ 13 ಮಂದಿ ಉಳಿದರು. ಆಗಸ್ಟ್‌ನಲ್ಲಿ 10 ಮಂದಿ ಒಟ್ಟಿಗೆ ಬಿಜೆಪಿ ಸೇರಿದರು. ಇನ್ನಿಬ್ಬರು ಮೋರ್ಚಾಕ್ಕೆ. ಬಿಜೆಪಿ ಆ ಚುನಾವಣೆಯಲ್ಲಿ ಒಂದೂ ಸೀಟು ಗೆದ್ದಿರಲಿಲ್ಲ! ಮತ ಹಾಕಿಸಿಕೊಳ್ಳುವ ತೊಂದರೆಯೇ ಇಲ್ಲದೆ ಮುಖ್ಯ ವಿರೋಧ ಪಕ್ಷವಾಗಿ ಕೂತಿತು. ಫ್ರಂಟ್‌ನಲ್ಲಿ ಉಳಿದವರು ಪವನ್ ಚಾಮ್ಲಿಂಗ್ ಒಬ್ಬರೇ.

"ಯಾರ್ರೀ ಈ ಚಾಮ್ಲಿಂಗ್?" ಅಂದರು ಕಾಕಾ.

ಇದಕ್ಕೆ ಉತ್ತರ ನಾನೇ ಕೊಟ್ಟೆ. ಈ ಲೆಕ್ಕ ನನಗೆ ಭಾಳ ಇಷ್ಟ. 1994ರ ಡಿಸೆಂಬರ್ 11ಕ್ಕೆ ನಮ್ಮಲ್ಲಿ ದೇವೇಗೌಡರು ಮುಖ್ಯಮಂತ್ರಿಯಾದರು. ಮರುದಿನ, 12ಕ್ಕೆ, ಸಿಕ್ಕಿಂನಲ್ಲಿ ಚಾಮ್ಲಿಂಗ್ ಆದರು. ಅವರು ಕುರ್ಚಿ ಬಿಟ್ಟದ್ದು 2019ರ ಮೇ ತಿಂಗಳಲ್ಲಿ. ಅಷ್ಟರಲ್ಲಿ ನಮ್ಮಲ್ಲಿ ಯಾರ್‍ಯಾರು ಬಂದುಹೋದರು, ಹೇಳಿ?

ಮಾಸ್ತರ್ ಬೆರಳು ಮಡಚಿದರು. ದೇವೇಗೌಡ, ಜೆ.ಎಚ್. ಪಟೇಲ್, ಎಸ್.ಎಂ. ಕೃಷ್ಣ, "ನಮ್ಮ ಜೇವರ್ಗಿ ಧರ್ಮಸಿಂಗ್", ಕುಮಾರಸ್ವಾಮಿ, ಯಡಿಯೂರಪ್ಪ, ಸದಾನಂದಗೌಡ, ಶೆಟ್ಟರ್, ಸಿದ್ದರಾಮಯ್ಯ. ಒಂಬತ್ತು ಮಂದಿ. ಕೆಲವರು ಎರಡು-ಮೂರು ಸಲ. ಅಲ್ಲಿ ಒಬ್ಬರೇ!

"ಅವರ ಮನೆ ಬೋರ್ಡ್ ಬರೆಯುವವನು ಹಸಿವಿನಿಂದ ಸತ್ತಿರಬೇಕು" ಅಂದರು ಕಾಕಾ.

ಒಂದೇ ಪಕ್ಷಕ್ಕೆ ಇಷ್ಟು ಕಾಲ ಜನ ಯಾಕೆ ಅಂಟಿಕೊಳ್ಳುತ್ತಾರೆ? ಜನರಿಗೆ ಬುದ್ಧಿ ಇಲ್ಲ ಅಂತ ಸುಮ್ನೆ ಹೇಳಿಬಿಡುವುದು ಸುಲಭ. ಊರ ಗಾತ್ರ ನೋಡಬೇಕು. 2011ರ ಜನಗಣತಿಯಲ್ಲಿ ಇಡೀ ಸಿಕ್ಕಿಂ ಜನಸಂಖ್ಯೆ ಆರು ಲಕ್ಷದ ಮೇಲೆ ಸ್ವಲ್ಪ. ನಮ್ಮ ಕಲಬುರಗಿ ನಗರವೊಂದೇ ಆಗ ಐದು ಲಕ್ಷ ದಾಟಿತ್ತು. 2024ರಲ್ಲಿ ಅಲ್ಲಿ ನಾಲ್ಕೂವರೆ ಲಕ್ಷ ಚಿಲ್ಲರೆ ಮತದಾರರು. ಒಬ್ಬ ಶಾಸಕನಿಗೆ ಸರಾಸರಿ 14-15 ಸಾವಿರ ಮತದಾರರು ಬರುತ್ತಾರೆ.

"ಅಂದ್ರೆ ನಮ್ಮ ಕಾರ್ಪೊರೇಟರ್‌ಗಿಂತ ಒಂದು ಗೇಣು ದೊಡ್ಡವರು" ಅಂದರು ಕಾಕಾ.

ಸರಿಯಾಗೇ ಹೇಳಿದರು. ಗುಡ್ಡದ ಮೇಲೊಂದು ಹಳ್ಳಿ, ಗುಡ್ಡದ ಕೆಳಗೊಂದು ಹಳ್ಳಿ. ಯಾರ ಮನೆಯ ಮೇಲೆ ಯಾವ ಬಾವುಟ ಇದೆ ಅಂತ ಎಲ್ಲರಿಗೂ ಗೊತ್ತು. ದೊಡ್ಡ ಕಾರ್ಖಾನೆ, ದೊಡ್ಡ ಕಂಪನಿ ಕಡಿಮೆ ಇರುವ ಕಡೆ ನೌಕರಿ ಅಂದರೆ ಸರ್ಕಾರ, ಗುತ್ತಿಗೆ ಅಂದರೆ ಸರ್ಕಾರ. ಹಾಗಿರುವಾಗ ಸೋಲುವ ಪಕ್ಷದ ಬಾವುಟ ಕಟ್ಟಲು ಗುಂಡಿಗೆ ಬೇಕು. ಗಾಳಿ ಯಾವ ಕಡೆ ಅಂತ ಗೊತ್ತಾದ ತಕ್ಷಣ ಊರಿಗೆ ಊರೇ ಆ ಕಡೆ ವಾಲುತ್ತದೆ.

"ಅಲ್ಲಿ ಸನ್ಯಾಸಿಗಳಿಗೂ ಒಂದು ಸೀಟು ಇದೆ ಗೊತ್ತೇನ್ರಿ?" ವಕೀಲರು ನಡುವೆ ಬಾಯಿ ಹಾಕಿದರು. ಇದ್ದದ್ದು ಖರೇ. ಸಂಘ ಅನ್ನುವ ಕ್ಷೇತ್ರಕ್ಕೆ ಗಡಿಯೇ ಇಲ್ಲ. ನೋಂದಾಯಿತ ಬೌದ್ಧ ಮಠಗಳ ಭಿಕ್ಷುಗಳು, ಭಿಕ್ಷುಣಿಯರು ಮಾತ್ರ ಅಲ್ಲಿ ಮತ ಹಾಕುತ್ತಾರೆ.

ಮಾಸ್ತರ್ ಗಾಬರಿಯಾದರು. "ಮೆಲ್ಲಗೆ ಮಾತಾಡ್ರಿ. ನಮ್ಮ ಕಡೆ ಯಾರಾದರೂ ಕೇಳಿಸಿಕೊಂಡು ಮಠಕ್ಕೊಂದು ಸೀಟು ಕೇಳಿದರೆ 224 ಎಲ್ಲಿ ಸಾಲುತ್ತೆ?"

ನನಗೆ ಕಾಡುವುದು ಬೇರೆ. 2019ರಲ್ಲಿ ಸೋತ ಫ್ರಂಟ್‌ಗೆ ಬಂದ ಮತ ಶೇ 47.63. ಗೆದ್ದ ಮೋರ್ಚಾಕ್ಕೆ ಶೇ 47.03. ಜಾಸ್ತಿ ಮತ ಬಿದ್ದವರು ಮನೆಗೆ ಹೋದರು. 2024ರಲ್ಲಿ ಮೋರ್ಚಾಕ್ಕೆ ಸುಮಾರು ಶೇ 58, ಫ್ರಂಟ್‌ಗೆ ಶೇ 27. ನಾಲ್ಕರಲ್ಲಿ ಒಂದು ಪಾಲಿಗಿಂತ ಜಾಸ್ತಿ ಜನ ಹಾಕಿದ ಮತಕ್ಕೆ ಸಿಕ್ಕಿದ್ದು ಒಂದು ಸೀಟು. ಅದೂ ತಿಂಗಳೊಪ್ಪತ್ತಿನಲ್ಲಿ ಎದ್ದು ಹೋಯಿತು. ಇಡೀ ರಾಜ್ಯ ಒಂದೇ ಪಕ್ಷದ ಹಿಂದೆ ಇದೆ ಅಂತ ಪೇಪರಿನಲ್ಲಿ ಓದುವಾಗ ಈ ಜನ ಎಲ್ಲಿ ಕೂತಿದ್ದಾರೆ ಅಂತ ಯಾರೂ ಹೇಳುವುದಿಲ್ಲ.

2024ರಲ್ಲಿ ಚಾಮ್ಲಿಂಗ್ ನಿಂತದ್ದು ಎರಡು ಕಡೆ. ಎರಡೂ ಕಡೆ ಸೋತರು. ಅವರ ಪಕ್ಷ ಸೇರಿದ್ದ ಫುಟ್‌ಬಾಲ್ ಆಟಗಾರ ಬೈಚುಂಗ್ ಭೂಟಿಯಾ ಕೂಡ ಸೋತರು. ಅತ್ತ ಮುಖ್ಯಮಂತ್ರಿ ಪ್ರೇಮ್ ಸಿಂಗ್ ತಮಾಂಗ್ ಎರಡು ಕಡೆ ಗೆದ್ದರು, ಒಂದು ಬಿಟ್ಟರು. ಅವರ ಪತ್ನಿಯೂ ಗೆದ್ದು, ಪ್ರಮಾಣವಚನ ತೆಗೆದುಕೊಂಡ ಮರುದಿನವೇ ರಾಜೀನಾಮೆ ಕೊಟ್ಟರು. ಆ ಎರಡು ಸೀಟಿಗೆ ಉಪಚುನಾವಣೆ ಬಂದಾಗ ಎರಡೂ ಅವಿರೋಧ. ಅಪ್ಪ ಬಿಟ್ಟ ಸೀಟಿಗೆ ಮಗ. ಅಲ್ಲಿಗೆ 32ಕ್ಕೆ 32.

"ಅವಿರೋಧ ಅಂದ್ರೆ ಚಲೋ ಆಯ್ತು, ಖರ್ಚು ಉಳೀತು" ಅಂದರು ಕಾಕಾ. ಯಾವುದರಲ್ಲೂ ಅವರಿಗೆ ಲಾಭ ಕಾಣುತ್ತದೆ.

"ನಗಬೇಡ್ರಿ. ಮೊದಲೂ ಎರಡು ಸಲ 32ಕ್ಕೆ 32 ಆಗಿದೆ" ಅಂದರು ವಕೀಲರು. "1989ರಲ್ಲಿ ನರ ಬಹಾದ್ದೂರ್ ಭಂಡಾರಿ ಗೆದ್ದರು. ಮುಂದಿನ ಚುನಾವಣೆಗೆ 10ಕ್ಕೆ ಇಳಿದರು. ಸೋಲಿಸಿದವರು ಅವರದೇ ಮಂತ್ರಿಯಾಗಿದ್ದ ಚಾಮ್ಲಿಂಗ್. 2009ರಲ್ಲಿ ಚಾಮ್ಲಿಂಗ್ 32 ಗೆದ್ದರು. ಹತ್ತು ವರ್ಷಕ್ಕೆ ಅವರನ್ನು ಇಳಿಸಿದವರು ಅವರದೇ ಮಂತ್ರಿಯಾಗಿದ್ದ ತಮಾಂಗ್."

ನಮ್ಮಲ್ಲಿ ಅದೇ 1989ರಲ್ಲಿ ಕಾಂಗ್ರೆಸ್ 178 ಗೆದ್ದು, 1994ಕ್ಕೆ 34ಕ್ಕೆ ಬಂತು ಅಂತ ಮಾಸ್ತರ್ ನೆನಪಿಸಿದರು. ಆದರೆ ನಮ್ಮ ಜನ ಐದೈದು ವರ್ಷಕ್ಕೆ ಮಗುಚುವವರು. 1985ರ ನಂತರ ಆಡಳಿತ ಪಕ್ಷ ಮತ್ತೆ ಗೆದ್ದು ಬಂದೇ ಇಲ್ಲ. ಸಿಕ್ಕಿಂನಲ್ಲಿ ಮನೆಯೊಳಗಿನವರು ಮಗುಚುತ್ತಾರೆ.

"ನಮ್ಮಲ್ಲಿ ಆಗಿಲ್ವೇನ್ರೀ?" ಕಾಕಾ ಈಗ ಗಂಭೀರವಾದರು. "ಖರ್ಗೆ ಸಾಹೇಬ್ರು ಗುರುಮಠಕಲ್‌ನಲ್ಲಿ 1972ರಿಂದ ಎಂಟು ಸಲ. ಚಿತ್ತಾಪುರದಲ್ಲಿ ಒಂದು ಸಲ. ಲೋಕಸಭೆಗೆ ಎರಡು ಸಲ. ಸೋಲಿಲ್ಲದ ಸರದಾರ ಅಂತಿದ್ದೆವು. 2019ರಲ್ಲಿ ಸೋಲಿಸಿದವರು ಯಾರು? ಅದೇ ವರ್ಷ ಮಾರ್ಚ್‌ವರೆಗೆ ಚಿಂಚೋಳಿ ಕಾಂಗ್ರೆಸ್ ಶಾಸಕರಾಗಿದ್ದ ಉಮೇಶ್ ಜಾಧವ್!"

ಫಲಿತಾಂಶ ಬಂದದ್ದು ಮೇ 23. ಚಾಮ್ಲಿಂಗ್ ಸರ್ಕಾರ ಬಿದ್ದದ್ದೂ ಅದೇ ದಿನದ ಎಣಿಕೆಯಲ್ಲಿ. ಕಾಕಾ ಆ ದಿನ ಟಿವಿ ಮುಂದೆ ಕೂತು ಅಂಗಡಿ ತೆರೆಯಲಿಲ್ಲವಂತೆ. ಸಿಕ್ಕಿಂ ಸುದ್ದಿ ಯಾರು ನೋಡಿದರು ಆವತ್ತು!

"ಹಾಗಾದರೆ ಈಗಿನ 32 ಮಂದಿಯಲ್ಲಿ ಮುಂದಿನವನು ಆಗಲೇ ಕೂತಿದ್ದಾನೆ ಅಂತಾಯ್ತು" ಅಂದರು ಮಾಸ್ತರ್. "ಪತ್ತೆ ಹಚ್ಚೋದು ಹೇಗೆ?"

"ಮುನಿಸಿಕೊಂಡವರನ್ನು ಹುಡುಕಬೇಕು" ಅಂದರು ವಕೀಲರು. "ಸಣ್ಣ ರಾಜ್ಯಕ್ಕೆ ಮುಖ್ಯಮಂತ್ರಿ ಸೇರಿ ಹನ್ನೆರಡು ಮಂತ್ರಿ ಅಂತ ಸಂವಿಧಾನದಲ್ಲೇ ಇದೆ. 32ರಲ್ಲಿ 12 ಕಳೆಯಿರಿ. ಸ್ಪೀಕರ್, ಡೆಪ್ಯುಟಿ ಸ್ಪೀಕರ್ ಕಳೆಯಿರಿ. ಹದಿನೆಂಟು ಮಂದಿಗೆ ಕುರ್ಚಿ ಇಲ್ಲ. ವಿರೋಧ ಪಕ್ಷ ಅಲ್ಲೇ ಒಳಗೇ ತಯಾರಾಗ್ತಾ ಇದೆ."

ಕಾಕಾ ಮಿರ್ಚಿ ಮುರಿಯುತ್ತಾ ಸ್ವಲ್ಪ ಹೊತ್ತು ಯೋಚಿಸಿದರು.

"ಯಾಕ್ರೀ, ಅಲ್ಲಿ ನಿಗಮ ಮಂಡಳಿ ಇಲ್ವಾ?"